ಬೀಗರ ಹಾಡಿನ ಮೂರನೆಯ ನುಡಿ

ನಮ್ಮ ಹಾಡಿನ ಗುಂಪು ಸೇರುವುದು ಶನಿವಾರ ಮಧ್ಯಾಹ್ನ ಮೂರೂವರೆಗೆ, ಗೋರೆಗಾಂವ್‌ನ ನಮ್ಮ ಮನೆಯ ಹಾಲ್‌ನಲ್ಲಿ. ಮೂರಕ್ಕೆ ನಾನು ಸೋಫಾ ಗೋಡೆಗೆ ಸರಿಸಿ ಜಮಖಾನ ಹಾಸುತ್ತೇನೆ. ಫ್ಯಾನಿನ ವೇಗ ಎರಡಕ್ಕಿಡುತ್ತೇನೆ, ಅದಕ್ಕಿಂತ ಹೆಚ್ಚಾದರೆ ಹಾಡಿನ ಹಾಳೆಗಳು ಬಾಲ್ಕನಿ ತನಕ ಹಾರುತ್ತವೆ. ನಾವು ಒಂಬತ್ತು ಜನ ಹೆಂಗಸರು, ಹೆಚ್ಚಿನವರು ಧಾರವಾಡ, ಹಾವೇರಿ ಕಡೆಯವರು. ಮದುವೆ, ಬಸುರಿಯ ಕುಬಸ, ಮಗುವಿನ ತೊಟ್ಟಿಲಿಗೆ ನಮ್ಮನ್ನು ಕರೆಯುತ್ತಾರೆ. ಮುಂಬಯಿಯಲ್ಲಿ ಹುಟ್ಟಿದ ಸೊಸೆಯಂದಿರಿಗೆ ಹಾಡು ಬರುವುದಿಲ್ಲ, ಅತ್ತೆಯಂದಿರಿಗೆ ಮೊದಲೆರಡು ಸಾಲಿನಾಚೆ ನೆನಪಿಲ್ಲ. ಒಂದು ರವಿಕೆಯ ಖಣ, ಒಂದು ತೆಂಗಿನಕಾಯಿ, ಹೊಟ್ಟೆ ತುಂಬ ಊಟ ಕೊಟ್ಟು ಕಳಿಸುತ್ತಾರೆ.

ಹಾಡು ಕಲಿಸುವವರು ಎಪ್ಪತ್ತನಾಲ್ಕರ ಮಾವಶಿ. ಯಾರ ಚಿಕ್ಕಮ್ಮನೋ ಈಗ ಯಾರಿಗೂ ಗೊತ್ತಿಲ್ಲ, ನಮಗೆಲ್ಲ ಅವರು ಮಾವಶಿಯೇ. ಬರೆದಿಡುವವಳು ನಾನು. ಢೋಲಕಿ ಬಾರಿಸುವವಳು ಹಳಿಯಾಳದ ಕಡೆಯ ಸಿದ್ದಿ ಹೆಣ್ಣುಮಗಳು. ಅವಳ ಹಿರೀಕರನ್ನು ಯಾವ ಕಾಲದಲ್ಲೋ ಆಫ್ರಿಕಾದಿಂದ ಗುಲಾಮರನ್ನಾಗಿ ಹಡಗಿನಲ್ಲಿ ತಂದರಂತೆ. ಅವಳಿಗೆ ಗೊತ್ತಿರುವ ಊರು ಮಾತ್ರ ಹಳಿಯಾಳವೊಂದೇ. ಶಾಲೆಯಲ್ಲಿ ಓಡಿ ಓಡಿ ಪದಕ ಗೆದ್ದಳು, ಓಟದ ಮೇಲೆಯೇ ರೈಲ್ವೆಯಲ್ಲಿ ನೌಕರಿ ಸಿಕ್ಕಿತು. ಈಗ ನಲವತ್ತರ ಹತ್ತಿರ, ಲೋಕಲ್‌ಗಳಲ್ಲಿ ಟಿಕೆಟ್ ತಪಾಸಣೆ ಮಾಡುತ್ತಾಳೆ. ಜನ ಅವಳ ಮುಖ ನೋಡಿ, ಗುಂಗುರು ಕೂದಲು ನೋಡಿ, ನೀವು ಯಾವ ದೇಶದವರು ಎಂದು ಹಿಂದಿಯಲ್ಲಿ ಕೇಳುತ್ತಾರೆ. ಹಳಿಯಾಳ ಎನ್ನುತ್ತಾಳೆ. ಅದೆಲ್ಲಿದೆ ಎನ್ನುತ್ತಾರೆ. ದಾಂಡೇಲಿಯ ಪಕ್ಕ ಎಂದು ಹೇಳಿ, ಟಿಕೆಟ್ ತೋರಿಸಿ ಎನ್ನುತ್ತಾಳಂತೆ. ಇದನ್ನು ನಮಗೆ ಹೇಳಿ ನಗಿಸುತ್ತಿದ್ದಳು. ಶನಿವಾರ ಮಧ್ಯಾಹ್ನ ಬಿಡುವಾಗುವ ಹಾಗೆ ಡ್ಯೂಟಿ ಹಾಕಿಸಿಕೊಳ್ಳಲು ಅವಳು ಈ ಆರು ವರ್ಷ ಯಾರ್ಯಾರ ಕೈಕಾಲು ಹಿಡಿದಿದ್ದಾಳೆಂದು ನನಗೆ ಗೊತ್ತು. ವಾರಕ್ಕೊಮ್ಮೆ ಕನ್ನಡದಲ್ಲಿ ಬಾಯಿತುಂಬ ಮಾತಾಡುವುದು ಇಲ್ಲೇ ಎನ್ನುತ್ತಿದ್ದಳು.

ನಮಗೆ ಹೆಚ್ಚು ಬೇಡಿಕೆ ಬೀಗರ ಹಾಡಿಗೆ. ಮದುವೆಯಲ್ಲಿ ಹೆಣ್ಣಿನ ಕಡೆಯವರು ಗಂಡಿನ ಕಡೆಯವರನ್ನು ಹಾಡಿನಲ್ಲಿ ಬಯ್ಯುವುದು, ಅವರು ತಿರುಗಿ ಬಯ್ಯುವುದು ಹಳೆಯ ರೂಢಿ. ಬೀಗಿತ್ತಿಯ ಹೊಟ್ಟೆ, ಬೀಗರ ಬೋಳುತಲೆ, ತಂದ ಸೀರೆ, ತಿಂದ ಹೋಳಿಗೆ, ಯಾವುದನ್ನೂ ಬಿಡುವುದಿಲ್ಲ, ಯಾರೂ ಸಿಟ್ಟಾಗುವಂತಿಲ್ಲ. ನಾವು ಹಾಡುವುದು ನನ್ನ ತಾಯಿಯ ಬಾಯಿಂದ ನಾನು ಬರೆದುಕೊಂಡ ಹಾಡು. ಅದರ ಮೂರನೆಯ ನುಡಿಯಲ್ಲಿ ವರನ ಬಣ್ಣದ ಚೇಷ್ಟೆ ಇದೆ. ಅಳಿಯ ಬರುತ್ತಾನೆಂದು ಬಾಗಿಲಿಗೆ ಹೋದರೆ ಕಾಡಿನಿಂದ ಸಿದ್ದಿ ಬಂದು ನಿಂತಂತಿತ್ತು, ಹಗಲಲ್ಲೇ ದೀಪ ಹಿಡಿದು ಮುಖ ಹುಡುಕಿದೆವು ಎಂದು ಅದರ ಅರ್ಥ.

ಚಿಕ್ಕವಳಿದ್ದಾಗ ಸಿದ್ದಿ ಎಂದರೆ ಕಪ್ಪು ಎನ್ನುವುದಕ್ಕೆ ಇನ್ನೊಂದು ಶಬ್ದ ಎಂದುಕೊಂಡಿದ್ದೆ. ಆದರೆ ಇವಳು ಗುಂಪಿಗೆ ಬಂದಾಗ ನಾನು ಚಿಕ್ಕವಳಾಗಿರಲಿಲ್ಲ. ಮೊದಲ ಶನಿವಾರ ಆ ನುಡಿ ಬಂದಾಗ ನನ್ನ ನಾಲಿಗೆ ತಡವರಿಸಿತು. ಅವಳು ತಲೆ ಎತ್ತಲಿಲ್ಲ. ಆ ಸಾಲಿಗೆ ಸರಿಯಾಗಿ ಢೋಲಕಿಯ ಪೆಟ್ಟು ಏರಿತು, ಸರಸರನೆ ಉರುಳಿಕೆ ಬಂತು, ಮಾವಶಿ ಭೇಷ್ ಎಂದರು. ನಾನು ನಿಶ್ಚಿಂತಳಾದೆ. ಅಂದಿನಿಂದ ಮೂರನೆಯ ನುಡಿಯ ಉರುಳಿಕೆ ನಮ್ಮ ಗುಂಪಿನ ಹೆಗ್ಗಳಿಕೆಯಾಯಿತು. ಮದುವೆಮನೆಗಳಲ್ಲಿ ಅಲ್ಲಿಗೇ ಚಪ್ಪಾಳೆ ಬೀಳುತ್ತಿತ್ತು.

ಕಳೆದ ಚಳಿಗಾಲ ಕಾಂದಿವಲಿಯ ಒಂದು ಮದುವೆಯಲ್ಲಿ ಹಾಡಿದೆವು. ನನ್ನ ಮಗಳು ಬಂದಿದ್ದಳು. ಇಪ್ಪತ್ತೆರಡು ವರ್ಷದವಳು, ಕನ್ನಡ ತಿಳಿಯುತ್ತದೆ, ಮಾತು ಅರ್ಧ ದಾರಿಯಲ್ಲಿ ಹಿಂದಿಗೆ ಹತ್ತಿ ಹೋಗುತ್ತದೆ. ಅವಳು ಫೋನಿನಲ್ಲಿ ಚಿತ್ರೀಕರಿಸಿದಳು, ಮನೆಗೆ ಬಂದು ಒಂದೊಂದೇ ಶಬ್ದದ ಅರ್ಥ ಕೇಳಿದಳು. ನಾನು ಕೊತ್ತಂಬರಿ ಸೋಸುತ್ತ ಹೇಳಿದೆ. ಮರುದಿನ ಆ ತುಣುಕು ಅವಳ ಇನ್‌ಸ್ಟಾಗ್ರಾಮಿನಲ್ಲಿತ್ತು. ಸಾಲಿನ ಅರ್ಥ ಇಂಗ್ಲಿಷಿನಲ್ಲಿ, ಕೆಳಗೆ ಇದೇನಾ ನಮ್ಮ ಸಂಸ್ಕೃತಿ ಎಂಬ ಪ್ರಶ್ನೆ. ಜೊತೆಗೆ, ನೋಡುವವರಿಗೆ ತಿಳಿಯಲಿ ಎಂದು, ಢೋಲಕಿ ಬಾರಿಸುವವಳ ಮುಖದ ಸುತ್ತ ಒಂದು ಕೆಂಪು ವೃತ್ತ.

ಅವಳನ್ನು ಕೇಳಿದೆಯಾ ಎಂದೆ. ಒಳ್ಳೆಯದಕ್ಕೇ ಹಾಕಿದ್ದು, ಕೇಳುವುದೇನು ಎಂದಳು ಮಗಳು. ಆರು ವರ್ಷ ನೀವು ಕೇಳಿದ್ದಿರಾ ಎಂದೂ ಅಂದಳು. ಕುಕ್ಕರ್ ಕೂಗಿತೆಂದು ನಾನು ಒಳಗೆ ಹೋದೆ. ಆಮೇಲೆ ಅವಳು ವೃತ್ತ ತೆಗೆದಳು. ಅಷ್ಟರಲ್ಲಿ ವೃತ್ತವಿದ್ದದ್ದೇ ಎಲ್ಲರ ಫೋನಿಗೆ ಹೋಗಿ ಕೂತಿತ್ತು.

ಆ ಹದಿನೈದು ದಿನ ನೆನೆದರೆ ಈಗಲೂ ತಲೆ ಚಿಟ್ಟುಹಿಡಿಯುತ್ತದೆ. ಗಂಟೆಗೊಂದು ಸಲ ಫೋನು ಗುರ್ ಎನ್ನುವುದು. ಒಂದು ಕಡೆಯವರು, ಇಂಥ ಹಾಡು ಹಾಡುವ ಹೆಂಗಸರನ್ನು ಪೊಲೀಸಿಗೆ ಕೊಡಿ ಎಂದರು. ಇನ್ನೊಂದು ಕಡೆಯವರು, ನಮ್ಮ ಜಾನಪದದ ತಂಟೆಗೆ ಬಂದರೆ ಹುಷಾರ್ ಎಂದರು. ಇವರಲ್ಲಿ ಒಬ್ಬರಿಗೂ ಬೀಗರ ಹಾಡಿನ ಒಂದು ಸಾಲು ಬರುವುದಿಲ್ಲ, ಅವರ ಮಕ್ಕಳ ಮದುವೆಯಲ್ಲಿ ಹಾಡಿದವರು ನಾವೇ. ಹಳೆಯ ಹಿಂದಿ ಸಿನಿಮಾ ಹಾಡುಗಳಲ್ಲಿ ಗೋರಿ ಗೋರಿ ಎಂದು ಬಿಳಿ ಹೆಣ್ಣನ್ನು ಹೊಗಳುವುದಿಲ್ಲವೇ, ಅದನ್ನೂ ನಿಲ್ಲಿಸಿ ಎಂದು ಒಬ್ಬರು, ಹಾಗಾದರೆ ಕರಿಯ ಕೃಷ್ಣನ ಭಜನೆ ಏನು ಮಾಡುವುದು ಎಂದು ಇನ್ನೊಬ್ಬರು. ಲಿಫ್ಟಿನಲ್ಲಿ ಸಿಕ್ಕ ಮೂರನೇ ಮಾಳಿಗೆಯ ಹೆಂಗಸೊಬ್ಬರು ನನ್ನ ಕೈ ಹಿಡಿದು, ಪಾಪ, ಆ ಆಫ್ರಿಕನ್ ಲೇಡಿ ಬೇಚಾರಿ, ಎಂದು ಕಣ್ಣೊರೆಸಿಕೊಂಡರು. ಆಕೆ ಆಫ್ರಿಕನ್ ಅಲ್ಲ, ಹಳಿಯಾಳದವಳು ಎಂದು ಹೇಳಿ ಹೇಳಿ ನನಗೇ ಸಾಕಾಯಿತು.

ಕಡೆಗೆ ನಮ್ಮ ಕನ್ನಡ ಸಂಘದ ಕಾರ್ಯದರ್ಶಿಗಳು ಸಭೆ ಕರೆದರು. ಮೈಸೂರು ಕಡೆಯ ಸಾವಧಾನದ ಮನುಷ್ಯ, ಫೋರ್ಟ್‌ನ ಬ್ಯಾಂಕೊಂದರಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತರಾದವರು. ಮಾಟುಂಗದಲ್ಲಿ ಸಂಘದ ವಾರ್ಷಿಕ ಕಾರ್ಯಕ್ರಮ ಎರಡು ವಾರದಲ್ಲಿತ್ತು, ಆಹ್ವಾನ ಪತ್ರಿಕೆಯಲ್ಲಿ ನಮ್ಮ ಬೀಗರ ಹಾಡಿನ ಹೆಸರೂ ಅಚ್ಚಾಗಿತ್ತು. ಸಭೆಯ ದಿನ ಢೋಲಕಿಯವಳಿಗೆ ಡ್ಯೂಟಿ. ಅವಳು ಬರುವ ದಿನ ಇಡೋಣ ಎಂದು ನಾನು ಹೇಳಬಹುದಿತ್ತು. ಅಂದು ಹಾಲ್ ಸಿಕ್ಕಿದೆ, ಮುಗಿಸಿಬಿಡೋಣ ಎಂದರು ಕಾರ್ಯದರ್ಶಿಗಳು, ಹೂಂ ಎಂದೆ.

ಎರಡು ಗಂಟೆ ಚರ್ಚೆಯಾಯಿತು. ನುಡಿಯನ್ನೇ ಬಿಡಬೇಕೆಂದು ಕೆಲವರು. ಹಾಡಿನ ಕಾಲು ಮುರಿದರೆ ಹಾಡು ನಡೆಯುವುದಿಲ್ಲ ಎಂದು ಮಾವಶಿ. ಬೀಗರ ಹಾಡಿನಲ್ಲಿ ಶಬ್ದ ಬದಲಿಸುವುದು ಹೊಸದೇನಲ್ಲ, ಮನೆ ಮನೆಗೆ ಹೆಸರು ಬದಲಿಸುತ್ತೇವೆ, ಇಲ್ಲಿ ಕಾಗೆಯೋ ಇದ್ದಿಲೋ ಹಾಕಿ ಎಂದು ಯಾರೋ ಅಂದರು. ಅದೂ ಬಣ್ಣದ ಮಾತೇ ಅಲ್ಲವೇ ಎಂದು ಮತ್ಯಾರೋ ಎದ್ದರು. ಕಾರ್ಯದರ್ಶಿಗಳು ಗಡಿಯಾರ ನೋಡಿ, "ಒಂದೇ ಒಂದು ಪದ ತಾನೇ ತಾಯಿ, ಅದನ್ನ ನುಂಗ್ಬಿಡಿ. ಜಾಗ ಖಾಲಿ ಬಿಡಿ. ಹಾಡೂ ಉಳೀತು, ಗೌರವಾನೂ ಉಳೀತು" ಎಂದರು. ಎಲ್ಲರಿಗೂ ಮನೆಗೆ ಹೋಗುವ ಆತುರ, ಒಪ್ಪಿದೆವು. ನಾನೇ ಹೊಸದಾಗಿ ಬರೆದೆ. ಆ ಶಬ್ದದ ಜಾಗದಲ್ಲಿ ಗೆರೆ ಎಳೆದು ಒಂಬತ್ತು ಜೆರಾಕ್ಸ್ ಮಾಡಿಸಿದೆ. ಅವಳ ಕೈಗೂ ಒಂದು ಕೊಟ್ಟೆ. ಗೆರೆ ನೋಡಿದಳು, ನಾಲ್ಕು ಮಡಿಕೆ ಮಾಡಿ ಢೋಲಕಿಯ ಚೀಲಕ್ಕೆ ಹಾಕಿಕೊಂಡಳು.

ಮಾಟುಂಗದ ಹಾಲ್ ಅಂದು ತುಂಬಿತ್ತು. ಗದ್ದಲದ ಸುದ್ದಿ ಕೇಳಿ ಬಂದವರೇ ಹೆಚ್ಚು, ಎತ್ತಿ ಹಿಡಿದ ಫೋನುಗಳೇ ಕಾಣುತ್ತಿದ್ದವು. ನಾವು ಇಳಕಲ್ ಸೀರೆಯುಟ್ಟು ಕೂತೆವು. ಎರಡು ನುಡಿ ಚೆನ್ನಾಗಿ ಹೋದವು. ಮೂರನೆಯದು ಬಂತು. ಖಾಲಿ ಬಿಟ್ಟ ಜಾಗಕ್ಕೆ ಎಂಟು ಗಂಟಲುಗಳು ಒಮ್ಮೆಗೇ ನಿಂತವು. ಅವಳ ಕೈಗೆ ಆರು ವರ್ಷದ ಅಭ್ಯಾಸ. ಆ ಜಾಗಕ್ಕೆ ಸರಿಯಾಗಿ ಉರುಳಿಕೆ ಎದ್ದಿತು. ನಿಶ್ಶಬ್ದದಲ್ಲಿ ಅದೊಂದೇ ಗುಡುಗಿತು. ನುಂಗಿದ ಶಬ್ದವನ್ನು ಮೈಕಿನಲ್ಲಿ ಕೂಗಿದ್ದರೂ ಅಷ್ಟು ಸ್ಪಷ್ಟವಾಗುತ್ತಿರಲಿಲ್ಲ. ಇಡೀ ಹಾಲ್ ಅವಳ ಕಡೆ ತಿರುಗಿತು. ಫೋನುಗಳೂ ತಿರುಗಿದವು. ಹಿಂದಿನ ಸಾಲಿನಿಂದ ಯಾರೋ ಚಪ್ಪಾಳೆ ತಟ್ಟಿದರು, ಅದು ಏತಕ್ಕೆಂದು ಇವತ್ತಿಗೂ ನನಗೆ ತಿಳಿಯದು. ಅವಳು ಹಾಡು ಮುಗಿಯುವ ತನಕ ಬಾರಿಸಿದಳು, ತಾಳ ಒಂದಿಷ್ಟೂ ತಪ್ಪಲಿಲ್ಲ. ಆಮೇಲೆ ಢೋಲಕಿಯನ್ನು ಚೀಲಕ್ಕೆ ಹಾಕಿ ಮೆಟ್ಟಿಲಿಳಿದಳು.

ನಾನು ಸೀರೆ ಎತ್ತಿ ಹಿಡಿದು ಸ್ಟೇಶನ್ ತನಕ ಅವಳ ಹಿಂದೆಯೇ ಹೋದೆ. ಪ್ಲಾಟ್‌ಫಾರ್ಮಿನ ಬೆಂಚಿನಲ್ಲಿ ಚೀಲ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಏದುಸಿರು ಬಿಡುತ್ತ ಪಕ್ಕದಲ್ಲಿ ಕೂತೆ, ತಪ್ಪಾಯಿತು ಎಂದು ಶುರು ಮಾಡಿದೆ.

"ತಪ್ಪಾತು ಅನ್ನಬ್ಯಾಡ್ರಿ ಅಕ್ಕಾರ" ಎಂದಳು. "ಒಂದು ತಿಂಗಳಿನಾಗ ಎಲ್ಲಾರೂ ಅದನ್ನ ಅಂದಾರ. ಗುರುತಿಲ್ಲದವ್ರು ರೈಲಿನಾಗ ಬಂದು ಅಳ್ತಾರ. ಇರ್ಲಿ ಬಿಡ್ರಿ, ಇರ್ಲಿ ಬಿಡ್ರಿ ಅಂತ ಅವರನ್ನ ಸಮಾಧಾನ ಮಾಡೂದ ನನಗೊಂದು ಡ್ಯೂಟಿ ಆಗೇತಿ."

ಒಂದು ಲೋಕಲ್ ಬಂದು ಹೋಯಿತು. ನಾವು ಹತ್ತಲಿಲ್ಲ. ಮೊದಲೇ ಒಂದು ಮಾತು ಹೇಳಬಾರದಿತ್ತೇ, ಆ ಸಾಲಿಗೆ ನೀನೇ ಅಷ್ಟು ಹುರುಪಿನಿಂದ ಬಾರಿಸುತ್ತಿದ್ದೆಯಲ್ಲ ಎಂದು ಕೇಳಿದೆ. ಕೇಳಿದ ಮೇಲೆ ನಾಚಿಕೆಯಾಯಿತು. ತಪ್ಪನ್ನು ಅವಳ ಮೇಲೇ ಹೊರಿಸುತ್ತಿದ್ದೆ.

"ಹುರುಪು ಎಲ್ಲಿದ್ರಿ? ಆ ಶಬ್ದ ಕೇಳಬಾರದು ಅಂತ ಜೋರ ಹೊಡೀತಿದ್ದೆ. ನೀವೆಲ್ಲಾ ಭೇಷ್ ಅಂದ್ರಿ. ಹೇಳಿದ್ರ ಶನಿವಾರ ಹೋಗತಿತ್ತು. ಈಗ ಹೇಳದಿದ್ರೂ ಹೋತು."

ಶನಿವಾರ ಹೋಗುವುದಿಲ್ಲ, ನೀನು ಬರಲೇಬೇಕು ಎಂದೆ. ನೋಡೋಣ ಎಂದಳು. ಮುಂದಿನ ಗಾಡಿಗೆ ಹತ್ತಿದೆವು. ಡಬ್ಬಿಯಲ್ಲಿ ಒಬ್ಬಾಕೆ ಅವಳನ್ನು ಕಂಡು, ಡ್ಯೂಟಿಯ ಮೇಲಿದ್ದಾಳೆಂದು ತಿಳಿದು ಪಾಸ್ ತೆಗೆದು ತೋರಿಸಿದಳು. ಅವಳು ಸುಮ್ಮನೆ ತಲೆಯಾಡಿಸಿದಳು.

ಮಾಟುಂಗದ ತುಣುಕೂ ಹರಿದಾಡಿತು. ಖಾಲಿ ಬಿಟ್ಟದ್ದು ದಿಟ್ಟ ಪ್ರತಿಭಟನೆ ಎಂದು ಕೆಲವರು ಹೊಗಳಿದರು, ಹೇಡಿತನ ಎಂದು ಕೆಲವರು ಬೈದರು. ಮಗಳು ಢೋಲಕಿಯವಳಿಗೆ ಫೋನ್ ಮಾಡಿ ಕ್ಷಮೆ ಕೇಳುತ್ತೇನೆಂದಾಗ ಬೇಡ ಎಂದು ತಡೆದೆ. ಯಾಕೆ ಎಂದಳು. ಅವಳಿಗೆ ಇನ್ನೊಂದು ಸಲ ಇರ್ಲಿ ಬಿಡ್ರಿ ಎನ್ನಿಸಬೇಡ ಎಂದೆ. ಮಗಳು ಫೋನ್ ಕೆಳಗಿಟ್ಟಳು.

ಎರಡು ಶನಿವಾರ ಢೋಲಕಿಯವಳು ಬರಲಿಲ್ಲ. ಕಾರ್ಯದರ್ಶಿಗಳು ಫೋನ್ ಮಾಡಿ, ಅವಳ ಮನಸ್ಸು ನೋಯಬಾರದೆಂದು ಸದ್ಯ ಢೋಲಕಿಯ ಬದಲು ಕೀಬೋರ್ಡ್ ಇಡೋಣವೇ ಎಂದು ವಿಚಾರಿಸಿದರು. ನನ್ನ ತಾಳ್ಮೆ ಎಲ್ಲರೂ ಹೊಗಳುವಂಥದ್ದು. ಅಂದು ಮಾತ್ರ ಅವರ ಮಾತು ಮುಗಿಯುವ ಮೊದಲೇ ಫೋನ್ ಇಟ್ಟುಬಿಟ್ಟೆ.

ಮೂರನೆಯ ಶನಿವಾರ ಮೂರೂವರೆಗೆ ಬೆಲ್ಲಾಯಿತು. ಅವಳೇ. ಚಪ್ಪಲಿ ಬಿಟ್ಟು ಬಂದು ತನ್ನ ಜಾಗದಲ್ಲಿ ಕೂತಳು. ಎಂಟು ಜನ ಒಮ್ಮೆಗೇ ಅವಲಕ್ಕಿಯ ತಟ್ಟೆ ಅವಳ ಮುಂದೆ ಸರಿಸಿದೆವು, ಅದೂ ಅತಿಯಾಯಿತು. ಮಾವಶಿ ಎಂದಿನಂತೆ ಒಂದೊಂದೇ ಹಾಡು ಎತ್ತಿಸಿದರು. ಗಣಪತಿಯ ಹಾಡು, ಬೀಸುವ ಹಾಡು, ತೊಟ್ಟಿಲ ಹಾಡು ಮುಗಿದವು. ಕ್ರಮದ ಪ್ರಕಾರ ಮುಂದಿನದು ಬೀಗರ ಹಾಡು. ಎಪ್ಪತ್ತನಾಲ್ಕು ವರ್ಷದ ಹಟ. ಮಾವಶಿ ಕಣ್ಣು ಮುಚ್ಚಿ ಅದನ್ನೇ ಎತ್ತಿದರು, ಹಳೆಯದನ್ನು ಹಳೆಯ ಹಾಗೆಯೇ.

ಅವಳು ಢೋಲಕಿಯನ್ನು ತೊಡೆಯಿಂದ ಇಳಿಸಿ ಪಕ್ಕಕ್ಕಿಟ್ಟಳು.

"ನೀವು ಹಾಡ್ರಿ ಮಾವಶಿ. ನಾ ಇದಕ್ಕ ಬಾರಸೂದಿಲ್ಲ."

ಸಿಟ್ಟಿನ ದನಿಯಲ್ಲ. ಈ ಗಾಡಿ ಇಲ್ಲಿ ನಿಲ್ಲುವುದಿಲ್ಲ ಎಂದು ಪ್ರಯಾಣಿಕರಿಗೆ ಹೇಳುವಂತೆ ಹೇಳಿದಳು. ಎರಡೂ ಕೈ ಮಡಿಲಲ್ಲಿಟ್ಟುಕೊಂಡು ನಮ್ಮನ್ನೇ ನೋಡುತ್ತ ಕೂತಳು.

ಮಾವಶಿ ನಿಲ್ಲಿಸಲಿಲ್ಲ. ನಾವೂ ದನಿಗೂಡಿಸಿದೆವು, ರೂಢಿ ಎಂಬುದು ಅಂಥದ್ದು. ಮೊದಲ ನುಡಿ ಹೇಗೋ ದಾಟಿತು. ಎರಡನೆಯದರಲ್ಲಿ ಒಬ್ಬರು ಮುಂದೆ ಓಡಿದರು, ಇಬ್ಬರು ಹಿಂದುಳಿದರು. ಮೂರನೆಯದರ ಹೊಸ್ತಿಲಿಗೆ ಬರುವಷ್ಟರಲ್ಲಿ ಹಾಡುತ್ತಿದ್ದವರು ಮಾವಶಿ ಒಬ್ಬರೇ. ಮುಚ್ಚಲು ಢೋಲಕಿಯ ಸದ್ದಿಲ್ಲದ್ದರಿಂದ ಆ ಶಬ್ದ ಬರಲಿರುವುದು ನಮಗೆಲ್ಲ ಮೊದಲ ಸಲ ದೂರದಿಂದಲೇ ಕೇಳಿಸುತ್ತಿತ್ತು. ಮಾವಶಿ ಕಣ್ಣು ತೆರೆದರು. ಎದುರಿಗೆ ಅವಳು. ಸಾಲಿನ ಅರ್ಧಕ್ಕೆ ಅವರ ಬಾಯಿ ನಿಂತಿತು. ನೀರು ಕೇಳಿದರು, ಕುಡಿದರು, ಸೆರಗಿನಿಂದ ತುಟಿ ಒರೆಸಿಕೊಂಡರು.

"ಇದು ಸಾಕು. ಮುಂದಿಂದು ತಗೀರಿ" ಎಂದರು.

ಮುಂದಿನದು ಸೋಬಾನೆ. ನಾನು ಪುಟ ತಿರುವಿದೆ. ಅವಳು ಢೋಲಕಿಯನ್ನು ಎಳೆದುಕೊಂಡು, ಹಗ್ಗ ಬಿಗಿ ಮಾಡಿ, ಮಾವಶಿ ಎತ್ತಲಿ ಎಂದು ಕಾದಳು.