ಕಿವಿಯಕ್ಕ ಬರೆಯದ ಸುಳ್ಳು

ಆಸ್ಪತ್ರೆಯ ಮೂರನೇ ಮಹಡಿಯ ಕೋಣೆಯಲ್ಲಿ ಇಪ್ಪತ್ತೆರಡು ವರ್ಷ ಜನರ ಕಿವಿ ಪರೀಕ್ಷೆ ಮಾಡಿದವಳನ್ನು ಎಲ್ಲರೂ ಕಿವಿಯಕ್ಕ ಎಂದೇ ಕರೆಯುತ್ತಿದ್ದರು. ಅವಳ ಅಪ್ಪ ತಗಡು ಬಡಿಯುವ ಕೆಲಸದವನು. ನಲವತ್ತೈದಕ್ಕೇ ಅವನ ಕಿವಿ ಮಂದವಾಗಿತ್ತು. "ಏನಂದೆ?" ಎಂದು ಕೇಳಿ ಕೇಳಿ ಸಾಕಾಗಿ, ಕೊನೆಗೆ ಯಾರು ಏನೆಂದರೂ ಸುಮ್ಮನೆ ನಗುವುದನ್ನು ಕಲಿತಿದ್ದ. ಆ ನಗು ಕಂಡೇ ಮಗಳು ಈ ಕೆಲಸ ಹಿಡಿದಿದ್ದಳು.

ಒಂದು ಸಲ ಪಾತ್ರೆ ಕಾರ್ಖಾನೆಯವರು ನಲವತ್ತೊಂದು ಕೆಲಸಗಾರರನ್ನು ಪರೀಕ್ಷೆಗೆ ಕಳಿಸಿದರು. ಒಬ್ಬೊಬ್ಬರನ್ನೇ ಗಾಜಿನ ಗೂಡಿನೊಳಗೆ ಕೂರಿಸಿ, ಹೆಡ್‌ಫೋನ್ ಹಾಕಿ, "ಕುಯ್ ಅಂದ ಕೂಡ್ಲೆ ಗುಂಡಿ ಒತ್ತಿ" ಎಂದಳು. ಯಾರಿಗೆ ಎಷ್ಟು ಕೇಳುತ್ತದೆಂದು ಕಾಗದದ ಮೇಲೆ ರೇಖೆ ಮೂಡುತ್ತಿತ್ತು; ಮೂವತ್ತು ಜನರ ರೇಖೆ ಕೀರಲು ದನಿಯ ಜಾಗಕ್ಕೆ ಬರುತ್ತಲೇ ಹಳ್ಳಕ್ಕೆ ಬಿದ್ದಂತೆ ಕೆಳಗಿಳಿಯಿತು.

"ಇದಕ್ಕೆ ಔಷಧಿ ಇಲ್ವಾ ಅಕ್ಕಾ?" ಎಂದ ತಗಡನ್ನು ಪಾತ್ರೆಯ ಆಕಾರಕ್ಕೆ ಒತ್ತುವ ಅಚ್ಚುಯಂತ್ರದ ಹಳಬ.

"ಒಳಗಿವಿಯಲ್ಲಿ ಬಸವನಹುಳುವಿನ ಚಿಪ್ಪಿನಂಥ ಸುರುಳಿ ಇದೆ ಅಣ್ಣಾ. ಅದರ ತುಂಬ ನೀರು, ನೀರಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ರೋಮ. ಸದ್ದು ಬಂದಾಗ ಅವು ಬಾಗ್ತವೆ. ಬಾಗಿದ್ರೇನೇ ಮಿದುಳಿಗೆ ಸುದ್ದಿ. ಹುಲ್ಲನ್ನ ಒಂದ್ಸಲ ತುಳಿದ್ರೆ ಮತ್ತೆ ಏಳುತ್ತೆ. ದಿನಾ ತುಳಿದ್ರೆ?"

"ಸತ್ತೋಗುತ್ತೆ."

"ಕೋಳಿಗಾದ್ರೆ ಮತ್ತೆ ಚಿಗುರುತ್ತಂತೆ. ನಮಗೆ ಚಿಗುರಲ್ಲ."

"ಹಾಗಾದ್ರೆ ಕೋಳಿಯಾಗೇ ಹುಟ್ಟಬೇಕಿತ್ತು," ಎಂದು ಹಳಬ ನಕ್ಕ. ಕಿವಿಯಕ್ಕ ನಗಲಿಲ್ಲ.

ಮರುದಿನ ಕಾರ್ಖಾನೆಯ ಮ್ಯಾನೇಜರ್ ಬಂದ. "ಎಲ್ಲರದ್ದೂ ವಯಸ್ಸಾಗಿ ಬಂದ ತೊಂದರೆ ಅಂತ ಬರೆದುಬಿಡಿ ಮೇಡಂ."

"ಇದರಲ್ಲಿ ಇಪ್ಪತ್ತಾರರವನೂ ಇದ್ದಾನೆ. ಅವನಿಗೂ ಮುಪ್ಪು ಬಂತಾ?"

"ನಿಮ್ಮ ಮೇಲಿನವರ ಹತ್ರ ಮಾತಾಡಬೇಕಾಗುತ್ತೆ."

"ಧಾರಾಳವಾಗಿ ಮಾತಾಡಿ. ಅದಕ್ಕೆ ಮೊದಲು ನೀವೂ ಐದು ನಿಮಿಷ ಒಳಗೆ ಕೂತ್ಕೊಳ್ಳಿ."

ಅವನೂ ಹದಿನೈದು ವರ್ಷ ಅಚ್ಚುಯಂತ್ರದ ಮುಂದೆ ನಿಂತು ಮೇಲೆ ಬಂದವನೇ. ಅವನ ರೇಖೆಯೂ ಅದೇ ಹಳ್ಳಕ್ಕೆ ಬಿತ್ತು. ಕಾಗದವನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ. "ಮೊಮ್ಮಗಳ ಮಾತೇ ಸ್ಪಷ್ಟ ಇಲ್ಲ ಅನ್ಕೊಂಡಿದ್ದೆ," ಎಂದು ಗೊಣಗಿದ. ಆಮೇಲೆ ಅದನ್ನು ಮಡಚಿ ಜೇಬಿಗೆ ಹಾಕಿಕೊಂಡು, "ಆದ್ರೂ ನನ್ನ ಕೈಯಲ್ಲಿ ಏನಿಲ್ಲ ಮೇಡಂ. ವಯಸ್ಸು ಅಂತಲೇ ಬರೀರಿ," ಎಂದ.

"ನನ್ನ ಕೈಯಲ್ಲಿ ಪೆನ್ನಿದೆ," ಎಂದಳು ಕಿವಿಯಕ್ಕ.

ಆ ಮೂವತ್ತು ಜನರ ವರದಿಗಳಲ್ಲೂ 'ಯಂತ್ರದ ಸದ್ದಿನಿಂದ ಆದ ಹಾನಿ' ಎಂದು ದಪ್ಪಕ್ಷರದಲ್ಲಿ ಬರೆದು, ಸಹಿ ಹಾಕಿ, ಆ ಸಂಜೆಯೇ ಕೆಲಸಗಾರರನ್ನು ಕರೆಸಿ ಅವರವರ ಕೈಗೇ ಕೊಟ್ಟಳು. ಅವರು ಆ ಕಾಗದಗಳನ್ನು ಹಿಡಿದು ಕಾರ್ಖಾನೆಯ ಗೇಟಿನ ಮುಂದೆ ಒಂಬತ್ತು ದಿನ ಕೂತರು. ಹತ್ತನೆಯ ದಿನ ಎಲ್ಲರಿಗೂ ಕಿವಿಮುಚ್ಚುಗ ಬಂತು. ಯಂತ್ರಗಳ ಸುತ್ತ ಸದ್ದು ತಡೆಯುವ ಗೋಡೆ ಏಳತೊಡಗಿತು.

ಕಿವಿಯಕ್ಕನನ್ನು ಮಾತ್ರ ಆಸ್ಪತ್ರೆಯವರು ಕೆಳಗೆ ಚೀಟಿ ಬರೆಯುವ ಕೌಂಟರಿಗೆ ಹಾಕಿದರು. ಅಲ್ಲಿಯೂ ಅವಳು ತಲೆ ಎತ್ತಿಯೇ ಕೂತಳು. ಆರು ತಿಂಗಳ ಮೇಲೆ ಮುಖ್ಯಸ್ಥರು ಕರೆಸಿ ಬಿಳಿ ಹಾಳೆಯೊಂದನ್ನು ಮುಂದಿಟ್ಟರು. "ತಪ್ಪಾಯ್ತು ಅಂತ ಒಂದು ಸಾಲು ಬರೆದುಕೊಡಮ್ಮ. ನಾಳೆಯಿಂದಲೇ ಹಳೇ ಕೋಣೆಗೆ ಹೋಗು."

ಅವಳು ಕುರ್ಚಿ ಎಳೆದು ಕೂತು, ಗುಂಡಗಿನ ಅಕ್ಷರದಲ್ಲಿ 'ತಪ್ಪಾಗಿಲ್ಲ' ಎಂದು ಬರೆದು, ಕೆಳಗೆ ಸಹಿ ಹಾಕಿ, ಹಾಳೆಯನ್ನು ಅವರತ್ತ ತಿರುಗಿಸಿಟ್ಟು ಎದ್ದು ಬಂದಳು.