ಅತ್ತೆಯ ಹೆಸರು ಅಚ್ಚಾದ ದಿನ

ಪರದೇಶದ ಆಲ್ಮೆರೆ ಊರಿನ ನಮ್ಮ ಮನೆಯಲ್ಲಿ ರಟ್ಟಿನ ಪೆಟ್ಟಿಗೆ ಬಿಚ್ಚುತ್ತಲೇ ಹುಳ ಹಿಡಿಯದಂತೆ ಮೈಲುತುತ್ತ ಬೆರೆಸಿದ ಮೈದಾ ಅಂಟಿನ ವಾಸನೆ ಮೂಗಿಗೆ ಬಡಿಯಿತು. ಅದು ಹುಬ್ಬಳ್ಳಿಯ ನಮ್ಮ ಬಾಡಿಗೆ ಮನೆಯ ವಾಸನೆ. ಅಪ್ಪನ ಅಕ್ಕ ನಿರ್ಮಲತ್ತೆ ಸಂಜೆ ಕಿಟಕಿಯ ಬಳಿ ಕೂತು ಪತ್ರಿಕೆಯ ತುಣುಕುಗಳನ್ನು ಕಡತದಲ್ಲಿ ಅಂಟಿಸುತ್ತಿದ್ದಳು. ಕಾಗದದ ಸುಕ್ಕನ್ನು ಅಂಗೈಯಿಂದ ತೀಡುವುದು ನನ್ನ ಕೆಲಸ. ಆ ಮನೆ ಈಗಿಲ್ಲ. ನಿಮಗೂ ಅಂಥದ್ದೊಂದು ಮನೆ ಇದ್ದಿರಬಹುದು.

ಅತ್ತೆ ಊರಿನದೇ ಸಣ್ಣ ಪತ್ರಿಕೆಯೊಂದರಲ್ಲಿ ವಿದೇಶದ ಸುದ್ದಿಗಳನ್ನು ಕನ್ನಡಕ್ಕೆ ತರುತ್ತಿದ್ದಳು. ಅಮೆರಿಕದ ಅಧ್ಯಕ್ಷರ ವಾಗ್ದಂಡನೆಗೆ ಅಲ್ಲಿನ ಕೆಳಮನೆ ಒಪ್ಪಿದಾಗ ಅವಸರದಲ್ಲಿ 'ಅಧ್ಯಕ್ಷ ಪದಚ್ಯುತ' ಎಂದು ಬರೆದುಬಿಟ್ಟಳು. ಅದೇ ಮುಖಪುಟದ ತಲೆಬರಹವಾಯಿತು. ಬೆಳಿಗ್ಗೆ ರೇಡಿಯೋ ಬೇರೆಯೇ ಹೇಳಿತು: ಹೊರಿಸಿದ್ದು ಆರೋಪ ಮಾತ್ರ, ವಿಚಾರಣೆ ಮೇಲ್ಮನೆಯಲ್ಲಿ ಇನ್ನು ನಡೆಯಬೇಕು. ಅತ್ತೆ ಚಹಾ ಅರ್ಧಕ್ಕೇ ಬಿಟ್ಟು ಎದ್ದಳು. ಶಾಲೆಗೆ ಹೊರಟಿದ್ದ ನನ್ನನ್ನೂ ಕರೆದುಕೊಂಡು ನೇರ ಕಚೇರಿಗೆ ನಡೆದಳು.

"ಅಮೆರಿಕಾದ ಸುದ್ದಿ ಇಲ್ಲಿ ಯಾರ್ ಲಕ್ಷ್ಯ ಇಟ್ಟು ಓದ್ತಾರ್ರಿ? ನಾಳಿಗೆ ಮರತು ಹೋಗ್ತದ," ಎಂದರು ಸಂಪಾದಕರು.

"ಒಬ್ಬರು ಓದಿದ್ರೂ ಅವರಿಗೆ ನಾ ಸುಳ್ಳು ಹೇಳಿದಂಗಾತ್ರಿ. ಮುಖಪುಟದಾಗ ತಪ್ಪಾಗೇದ, ಮುಖಪುಟದಾಗೇ ತಿದ್ರಿ."

"ಹಂಗಾದ್ರ ನಿಮ್ಮ ಹೆಸರು ಹಾಕಬೇಕಾಗ್ತದ."

"ಹಾಕ್ರಿ."

ತಿದ್ದುಪಡಿಯ ಸಾಲುಗಳನ್ನು ಅತ್ತೆ ಅಲ್ಲೇ ಕೂತು ಬರೆದುಕೊಟ್ಟಳು. ಮರುದಿನ ಅದು ಅಚ್ಚಾಗಿ ಬಂತು. ಅದಾದ ವಾರಕ್ಕೆ ಅವಳಿಂದ ವಿದೇಶ ಸುದ್ದಿ ಕಿತ್ತುಕೊಂಡು ಜಾಹೀರಾತುಗಳ ಕರಡು ತಿದ್ದಲು ಕೂರಿಸಿದರು. ಆದರೂ ವಿಚಾರಣೆಯ ಬಗ್ಗೆ ಬೇರೆಯವರು ಬರೆದ ಒಂದೊಂದು ವರದಿಯನ್ನೂ ಕತ್ತರಿಸಿ ತಂದು ಅಂಟಿಸಿದಳು. ಅಧ್ಯಕ್ಷರು ಖುಲಾಸೆಯಾದ ಸುದ್ದಿಯನ್ನು ಎರಡು ಸಲ ಓದಿ, "ಈಗ ಮುಗೀತು ನೋಡು," ಎಂದು ಕಡತಕ್ಕೆ ದಾರ ಕಟ್ಟಿದಳು.

ಈಗ ಈ ದೇಶದಲ್ಲಿ ಓದುತ್ತಿರುವ ಧಾರವಾಡದ ಸಂಶೋಧಕಿಯೊಬ್ಬಳು ಆ ವಿಚಾರಣೆಯ ಹಳೆಯ ಕನ್ನಡ ವರದಿಗಳನ್ನು ಹುಡುಕುತ್ತಿದ್ದಾಳೆ. ಅವಳಿಗಾಗಿ ನಾನೂ ಮಗಳೂ ಪೆಟ್ಟಿಗೆಯಿಂದ ತೆಗೆದ ಅತ್ತೆಯ ಕಡತದ ಪುಟಗಳನ್ನು ಸ್ಕ್ಯಾನ್ ಮಾಡಲು ಕೂತೆವು. ಹಿಂದಿನ ಕತೆಯನ್ನೆಲ್ಲ ಕೇಳಿದ್ದ ಮಗಳು ಆ ತಲೆಬರಹ ಬಂದಾಗ ಕೈ ತಡೆದಳು.

"ಇದನ್ನ ಸ್ಕಿಪ್ ಮಾಡ್ಲಾ ಅಮ್ಮ? ಇಟ್ಸ್ ರಾಂಗ್. ಪಾಪ, ನಿರ್ಮಲಜ್ಜಿಗೆ ಅವಮಾನ ಅಲ್ವಾ?"

"ಇದನ್ನೂ ಹಾಕು. ಮುಂದಿನ ಪುಟಾನೂ ಹಾಕು," ಎಂದೆ.

ಮುಂದಿನ ಪುಟದಲ್ಲಿ ತಿದ್ದುಪಡಿಯ ನಾಲ್ಕು ಸಾಲು, ಕೆಳಗೆ ಅತ್ತೆಯ ಪೂರ್ತಿ ಹೆಸರು. ಆ ಪತ್ರಿಕೆ ನಿಂತುಹೋಗಿದೆ, ಅತ್ತೆಯೂ ಹೋಗಿ ವರ್ಷಗಳಾದವು. ಅಷ್ಟು ಕಾಲ ಅಲ್ಲಿ ದುಡಿದವಳ ಹೆಸರು ಅದರಲ್ಲಿ ಅಚ್ಚಾದದ್ದು ಅದೊಂದೇ ಸಲ.