ಐರ್ಲೆಂಡಿನ ಮೂರನೇ ಮನೆ

ಜಿನ್ನು, ಭೂತ ಎಂದು ಯಾರಾದರೂ ಶುರು ಮಾಡಿದರೆ ನಾನು ಎದ್ದು ಹೋಗುತ್ತಿದ್ದೆ. ಹಳೆಯ ಏಸಿ, ಫ್ರಿಜ್ ಕೊಂಡು ಮಾರಿ ಮೇಲೆ ಬಂದವನು ನಾನು. ಪ್ಲಗ್ ಹಾಕಿ, ತಣ್ಣಗಾಯಿತೋ ನೋಡಿ, ಆಮೇಲೆಯೇ ದರ ಮಾತಾಡಬೇಕು. ನಿಮಗೂ ಅದನ್ನೇ ಹೇಳುತ್ತೇನೆ. ಆದರೆ ಸೌದಿಯ ಅಲ್ ಖಫ್ಜಿಯಲ್ಲಿ ಒಂದು ಶುಕ್ರವಾರ ನಡೆದದ್ದನ್ನು ಹೇಗೆ ಪರೀಕ್ಷಿಸಿ ನೋಡುವುದೋ ನನಗೆ ಇನ್ನೂ ತಿಳಿದಿಲ್ಲ.

ಬ್ರೆಂಡನ್ ಐರ್ಲೆಂಡಿನವನು, ಅಲ್ಲಿಯ ತೈಲ ಘಟಕದಲ್ಲಿ ಇಂಜಿನಿಯರ್. ನನ್ನಲ್ಲಿ ಫ್ರಿಜ್ ಕೊಳ್ಳಲು ಬಂದು, ಚೌಕಾಸಿಯಲ್ಲಿ ಸೋತು, ಸ್ನೇಹಿತನಾದವನು. ಅವನ ತಾಯಿಗೆ ಕಣ್ಣು ಮಂಜಾಗುತ್ತಿತ್ತು. ಪೂರ್ತಿ ಹೋಗುವ ಮೊದಲು ತನ್ನ ಅಮ್ಮ ಹುಟ್ಟಿದ ಮನೆಯನ್ನು ಒಮ್ಮೆ ನೋಡಬೇಕು ಎಂಬುದು ಆಕೆಯ ಆಸೆ. ಬ್ರೆಂಡನ್ ಮರುದಿನ ರಜೆಗೆ ಹೊರಟಿದ್ದ. ದೂರದ ಹಳ್ಳಿ, ಒಂದೇ ಪ್ರಯಾಣ. ಮನೆ ತಪ್ಪಿದರೆ ತಪ್ಪಿದ ಹಾಗೆಯೇ.

"ಮನೆ ಸಿಕ್ಕಿತು ಭಾಯಿ," ಎಂದು ಅಂಗಡಿಯಲ್ಲಿ ಕೂತು ಲ್ಯಾಪ್‌ಟಾಪ್ ತೆರೆದ. 1901ರ ಜನಗಣತಿ. ಅಜ್ಜಿ ಅದರಲ್ಲಿ ಕೈಗೂಸು, ಮನೆ ನಂಬರ್ ಏಳು. ಆ ಬೀದಿಯಲ್ಲಿ ಒಂದೇ ಸಾಲಿಗೆ ಒಂಬತ್ತು ಮನೆ. ಈಗ ಏಳು ಎಂಬ ಫಲಕವಿರುವ ಮನೆಯವರ ಒಪ್ಪಿಗೆಯನ್ನೂ ಪಡೆದಿದ್ದ.

"ಅದು ಬಾಗಿಲ ನಂಬರ್ ಅಂತ ನಿನಗೆ ಯಾರು ಹೇಳಿದ್ದು?" ಎಂದೆ. ನಮ್ಮೂರಲ್ಲಿ ಗಣತಿಯವರು ನಡೆದು ಬಂದ ಕ್ರಮದಲ್ಲೇ ಬಾಗಿಲಿಗೆ ಸಂಖ್ಯೆ ಬರೆದು ಹೋಗುತ್ತಾರೆ. ಪಂಚಾಯತಿನ ಡೋರ್ ನಂಬರಿಗೂ ಅದಕ್ಕೂ ಸಂಬಂಧವಿಲ್ಲ. ಅವನು ಅಲ್ಲಿಯವರೆಗೆ ತೆರೆದೇ ನೋಡದ 1911ರ ಗಣತಿಯನ್ನೂ ತೆರೆಸಿದೆ. ಅದೇ ಕುಟುಂಬ, ಮನೆ ನಂಬರ್ ಮೂರು. ಮನೆ ಬದಲಿಸಿರಬೇಕು ಎಂದ. ಅಕ್ಕಪಕ್ಕದ ಹೆಸರುಗಳನ್ನು ಓದಿಸಿದೆ. ಅವೇ ಹೆಸರುಗಳು, ಹಿಂದುಮುಂದಾಗಿ! ಎರಡನೇ ಸಲ ಬಂದ ಗಣತಿಯವನು ಬೀದಿಯ ಇನ್ನೊಂದು ತುದಿಯಿಂದ ಹೊರಟಿದ್ದ, ಅಷ್ಟೇ. ಮೊದಲ ಗಣತಿಯ ಒಂದನೇ ನಂಬರು ಒಂದು ಸಾರಾಯಿ ಅಂಗಡಿ. ಆ ಕಟ್ಟಡ ಈಗಲೂ ಇದೆ, ಫಲಕ ಒಂಬತ್ತು ಎಂದ ಬ್ರೆಂಡನ್. ಅದನ್ನೂ ಸೇರಿಸಿ ಹಿಂದಕ್ಕೆ ಏಳು ಎಣಿಸಿದರೆ ಸಿಗುವುದು ಇಂದಿನ ಮೂರನೇ ಮನೆ. ಹಳೆಯ ಗಣತಿ ಹುಡುಕುವವರು ಸಂಖ್ಯೆಗಿಂತ ಮೊದಲು ನೆರೆಯವರನ್ನು ನೋಡಿ.

ನನ್ನ ಪಾಲುದಾರ ಹಮೀದ್ ನಕ್ಕ. "ಎಂತ ಮಾರಾಯ, ಸೌದಿಯಲ್ಲಿ ಕೂತು ಸಾರಾಯಿ ಅಂಗಡಿಗೆ ದಾರಿ ಹೇಳ್ತೀಯಾ!"

ಬ್ರೆಂಡನ್ ಕೂಡಲೇ ತಾಯಿಗೆ ಫೋನ್ ಮಾಡಿ ಸ್ಪೀಕರ್ ಹಾಕಿದ. "ಅಮ್ಮ, ಮನೆ ಏಳನೆಯದಲ್ಲ..."

"ಮೂರನೆಯದು, ಗೊತ್ತು," ಎಂದರು ಆಕೆ. "ನಿನ್ನ ಇಂಡಿಯಾದ ಸ್ನೇಹಿತ ನಿನ್ನೆ ಬಂದು ಹೇಳಿ ಹೋದರಲ್ಲ."

ನಾವು ನಕ್ಕೆವು. "ಮೇಡಂ, ನಾನು ಇಲ್ಲೇ ಇದ್ದೇನೆ," ಎಂದೆ.

"ಹಾಂ, ಇದೇ ದನಿ. ಚಹಾ ತರುವಷ್ಟರಲ್ಲಿ ಹೊರಟೇಬಿಟ್ಟಿರಿ. ನಿಮ್ಮ ಅಮ್ಮನ ಮನೆಯನ್ನು ಕಡಲು ಒಯ್ದಿತು ಅಂದಿರಲ್ಲ, ಆಮೇಲೆ ನನಗೆ ನಿದ್ದೆಯೇ ಬರಲಿಲ್ಲ."

ಹಮೀದ್ ನನ್ನನ್ನೇ ನೋಡುತ್ತಿದ್ದ. "ಉಚ್ಚಿಲದ ಅಮ್ಮನ ಮನೆ ಒಳ್ಳೆ ದರಕ್ಕೆ ಮಾರಿದೆ ಅಂತ ಹೇಳಿದ್ದಲ್ವಾ ನೀನು?"

ಹೌದು, ಹಾಗೆಯೇ ಹೇಳಿದ್ದೆ. ನಿಜಕ್ಕೂ ಮನೆ ಹೋದದ್ದು ಕಡಲ್ಕೊರೆತಕ್ಕೆ. ಖಫ್ಜಿಯಲ್ಲಿ ಅದನ್ನು ಯಾರ ಮುಂದೆಯೂ ಬಾಯಿ ಬಿಟ್ಟಿರಲಿಲ್ಲ. ಹಿಂದಿನ ದಿನವಿಡೀ ನಾನು ಅಂಗಡಿಯಲ್ಲಿದ್ದೆ. ನನ್ನ ಪಾಸ್‌ಪೋರ್ಟ್ ನನಗೆ ವೀಸಾ ಕೊಟ್ಟ ಧಣಿ, ಕಫೀಲನ ಕಪಾಟಿನಲ್ಲಿತ್ತು. ಬ್ರೆಂಡನ್‌ನ ಮುಖ ನನ್ನದಕ್ಕಿಂತ ಬಿಳಚಿಕೊಂಡಿತ್ತು. ಆ ದಿನದವರೆಗೆ ಅವನಿಗೂ ತಿಳಿಯದಿದ್ದ ಮೂರನೇ ಮನೆ, ನನ್ನ ಕಡಲಿನ ಸುದ್ದಿ, ಆ ತಾಯಿಗೆ ಹೇಗೆ ತಿಳಿಯಿತು?

ಅವನು ತಾಯಿಯನ್ನು ಮೂರನೇ ಮನೆಗೇ ಕರೆದೊಯ್ದ. ಈಗಿನ ಮಾಲೀಕರಿಗೆ ಆ ಮನೆತನದ ಹೆಸರು ಗೊತ್ತಿತ್ತಂತೆ. ಆಕೆ ಹೊಸ್ತಿಲ ಮೇಲೆ ಕೂತು ಕಣ್ತುಂಬ ನೋಡಿದರಂತೆ. ಅಂದೇ ಅವನ ಮೆಸೇಜ್ ಬಂತು: "ಅಮ್ಮ ನಿನ್ನ ಫೋಟೊ ಕೇಳುತ್ತಿದ್ದಾಳೆ. ಬಂದವನು ನೀನೇ ಹೌದೋ ಎಂದು ಕಣ್ಣಿರುವಾಗಲೇ ನೋಡಬೇಕಂತೆ."

ತಲೆ ಬಾಚಿಕೊಂಡು ಹಮೀದನ ಕೈಯಲ್ಲಿ ಫೋಟೊ ತೆಗೆಸಿದೆ. ಕಳಿಸಲು ಕೈ ಬರಲಿಲ್ಲ. ಹೌದು, ಇವನೇ ಎಂದರೆ ನಾನು ಎಂತ ಮಾಡುವುದು? ಅಲ್ಲ ಎಂದರೆ, ನನ್ನ ದನಿಯಲ್ಲಿ ನನ್ನ ಅಮ್ಮನ ಮನೆಯ ಸುದ್ದಿ ಮಾತಾಡಿದವನು ಯಾರು? ಇವತ್ತು, ನಾಳೆ ಎಂದು ದಿನ ದೂಡಿದೆ.

ಕೊನೆಗೆ ಬ್ರೆಂಡನ್ ಬರೆದ: "ಇನ್ನು ಫೋಟೊ ಬೇಡ ಭಾಯಿ. ಅವಳಿಗೆ ಕಾಣುವುದಿಲ್ಲ."